ಸೌದೆ ಡಿಪೋದಿಂದ ಪಿನಾಂಗಿಗೆ, ಮಗು ಸಮೇತ

ಪಾಸ್‌ಪೋರ್ಟಿನಲ್ಲಿ ಮೊಹರು ಜಾಸ್ತಿಯಾದ ಹಾಗೆ ಮನುಷ್ಯರಿಗೆ ಗಾಂಭೀರ್ಯ ಬರುತ್ತದೆ ಎಂದು ಕೇಳಿದ್ದೇನೆ. ನನಗೆ ಜಾಸ್ತಿಯಾದದ್ದು ಫಜೀತಿಯ ಪ್ರಸಂಗಗಳು ಮಾತ್ರ. ಒಬ್ಬಳೇ ಹೋದರೆ ಒಂದು, ಗಂಡನ ಜೊತೆ ಹೋದರೆ ಎರಡು. ಮಗುವನ್ನು ಕಂಕುಳಿಗೆ ಹಾಕಿಕೊಂಡು ಹೋದ ಆ ಸಲ ಎಣಿಸುವುದನ್ನೇ ಬಿಟ್ಟೆ.

ಎಪ್ಪತ್ತರ ದಶಕದ ಮಾತು. ನಾನು ರಾಜಾಜಿನಗರದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಭೂಗೋಳದ ಮೇಡಂ. ನಕ್ಷೆಯ ಮೇಲೆ ಕೋಲು ಇಟ್ಟು ‘ಇದು ಮಲಾಕ್ಕಾ ಜಲಸಂಧಿ’ ಅಂತ ವರ್ಷ ವರ್ಷ ಹೇಳಿ, ಆ ಕೋಲು ಮುಟ್ಟಿದ ಕಡೆಗೆಲ್ಲ ಒಂದು ಸಲ ಹೋಗಿ ಬರಬೇಕು ಅನ್ನುವ ಕಾಯಿಲೆ ಅಂಟಿಸಿಕೊಂಡಿದ್ದೆ. ಮದುವೆಗೆ ಮುಂಚೆ ಸಿಲೋನ್ ಆಗಿತ್ತು, ಮದುವೆಯಾದ ಮೇಲೆ ನೇಪಾಳ, ಟೀಚರುಗಳ ತಂಡವೊಂದರ ಜೊತೆ ಈಜಿಪ್ಟ್ ಕೂಡ. ಆಮೇಲೆ ಮಗ ಹುಟ್ಟಿದ. ‘ಇನ್ನು ಮೇಡಂ ಮನೇಲಿರ್ತಾರೆ’ ಅಂತ ಬೀದಿಯವರೆಲ್ಲ ನೆಮ್ಮದಿಪಟ್ಟರು.

ಮಗುವಿಗೆ ಏಳು ತಿಂಗಳು ತುಂಬಿದಾಗ ಪಿನಾಂಗಿನಿಂದ ನನ್ನ ಕಾಲೇಜಿನ ಗೆಳತಿಯ ಕಾಗದ ಬಂತು. ಅವಳ ಗಂಡನಿಗೆ ಅಲ್ಲಿ ರಬ್ಬರ್ ಕಂಪನಿಯಲ್ಲಿ ಕೆಲಸ. ‘ಬೇಸಿಗೆ ರಜಕ್ಕೆ ಬಂದುಬಿಡಿ. ಮದ್ರಾಸಿನಿಂದ ಹಡಗಿದೆ. ಮಗು ಇದ್ದರೇನಂತೆ, ನಮ್ಮನೇಲಿ ತೊಟ್ಟಿಲೂ ಇದೆ’ ಅಂತ ಬರೆದಿದ್ದಳು. ತೊಟ್ಟಿಲಿದೆ ಅಂದ ಮೇಲೆ ಹೋಗದೆ ಇರುವುದಕ್ಕೆ ಕಾರಣವೇ ಉಳಿಯಲಿಲ್ಲ. ಅತ್ತೆಯೊಬ್ಬರನ್ನು ಬಿಟ್ಟು.

೧. ತಕ್ಕಡಿ

“ಹೋಗಬೇಡ ಅಂತ ನಾನು ಹೇಳಲ್ಲಮ್ಮ,” ಅಂದರು ಅತ್ತೆ.

ಅವರ ಈ ಮಾತಿನ ಹಿಂದೆ ಒಂದು ‘ಆದರೆ’ ನಿಂತಿರುತ್ತದೆ ಅಂತ ನನಗೂ ಗೊತ್ತು, ನನ್ನ ಗಂಡನಿಗೂ ಗೊತ್ತು. ಇಬ್ಬರೂ ಸುಮ್ಮನೆ ಕಾದೆವು.

“ಆದ್ರೆ ತೂಕ ನೋಡಿ ಕಳಿಸ್ತೀನಿ. ತೂಕ ನೋಡಿ ವಾಪಸ್ ತಗೋತೀನಿ.”

ನಮ್ಮತ್ತೆಗೆ ಈ ಪ್ರಪಂಚದಲ್ಲಿ ನಂಬಿಕೆಯಿದ್ದದ್ದು ಎರಡರ ಮೇಲೆ. ಒಂದು ಶಿವ, ಇನ್ನೊಂದು ನಮ್ಮ ಬೀದಿ ತುದಿಯ ಸೌದೆ ಡಿಪೋದ ತಕ್ಕಡಿ. ಅಡಿಗೆಗೆ ಸೀಮೆಎಣ್ಣೆ ಸ್ಟೌ ಬಂದಿದ್ದರೂ ನೀರು ಕಾಯಿಸುವ ಹಂಡೆಗೆ ಸೌದೆಯೇ ಬೇಕು. ಸೌದೆ ತರುವ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ತಾವೇ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ತಕ್ಕಡಿಯ ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಕಣ್ಣು ಮಿಟುಕಿಸದೆ ನೋಡುವರು. “ನನ್ನ ಕಣ್ಣು ತಪ್ಪಿಸಿ ಒಂದು ಚೂರು ತೊಗಟೆ ಕೂಡ ಆಚೆ ಹೋಗಲ್ಲ,” ಅನ್ನುವುದು ಅವರ ಹೆಮ್ಮೆ. ಎದುರು ಮನೆಯಾಕೆ ಮಾತ್ರ ಆ ಡಿಪೋದವನು ಕಳ್ಳ ಅಂತ ಹೇಳಿ, ಕಾಮಾಕ್ಷಿಪಾಳ್ಯದಿಂದ ಗಾಡಿಯಲ್ಲಿ ಸೌದೆ ತರಿಸುತ್ತಿದ್ದರು. ಈ ಒಂದು ವಿಷಯಕ್ಕೆ ಇಬ್ಬರಿಗೂ ವರ್ಷಗಟ್ಟಲೆ ಮುಸುಕಿನ ಜಗಳ.

ಒಮ್ಮೆ ಸೌದೆ ತಿಂಗಳಿಗೆ ಒಂದು ವಾರ ಮುಂಚೆಯೇ ಮುಗಿದಾಗ ಅತ್ತೆ ಡಿಪೋದವನನ್ನು ವಿಚಾರಿಸಿಕೊಂಡಿದ್ದರು. ಅವನು ಶಾಂತವಾಗಿ, “ಅಮ್ಮಾವ್ರೆ, ಸೌದೆ ಒಣಗುತ್ತೆ. ಒಣಗಿದ್ ಮೇಲೆ ತೂಕ ನಿಲ್ಲುತ್ತಾ?” ಅಂದ. ಅತ್ತೆಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಮನೆಯಲ್ಲಿ ಯಾರು ಏನು ಕಳೆದುಕೊಂಡರೂ ಅದನ್ನೇ ಹೇಳುತ್ತಿದ್ದರು.

ಹೊರಡುವ ಹಿಂದಿನ ದಿನ ಮಗುವನ್ನು ತೂಗಲು ಅಲ್ಲಿಗೇ ಹೋದೆವು. ಆಸ್ಪತ್ರೆಗೆ ಹೋಗೋಣ ಅಂದರೆ, “ಅಲ್ಲಿ ನರ್ಸಮ್ಮ ಗಡಿಬಿಡೀಲಿರ್ತಾಳೆ, ಮುಳ್ಳು ನಿಲ್ಲೋದಕ್ಕೆ ಬಿಡಲ್ಲ,” ಅಂದರು. ಹುಟ್ಟಿದ ದಿನ ಆಸ್ಪತ್ರೆಯಲ್ಲಿ ತೂಗಿದ್ದು ಬಿಟ್ಟರೆ ನಮ್ಮ ಮಗ ತಕ್ಕಡಿ ಕಂಡದ್ದು ಅದೇ ಮೊದಲು.

ಡಿಪೋದವನು ತೊಲೆಗೆ ನೇತುಹಾಕಿದ ದೊಡ್ಡ ತಕ್ಕಡಿಯ ಹಲಗೆಯ ಮೇಲೆ ಗೋಣಿಚೀಲ ಹಾಸಿದ, ಅತ್ತೆ ಅದರ ಮೇಲೆ ತಮ್ಮ ಹಳೆ ಸೀರೆ ಹಾಸಿದರು, ನಾನು ಅದರ ಮೇಲೆ ಮಗುವನ್ನು ಕೂರಿಸಿದೆ. ಡಿಪೋದವನು ಅಭ್ಯಾಸಬಲದಿಂದ ಮೊದಲ ತೂಕಕ್ಕೆ, ವ್ಯಾಪಾರಿಗಳ ಹಾಗೆ ಒಂದು ಅನ್ನದೆ, “ಲಾಭ” ಅಂದ. ಅತ್ತೆ ಶುಭವಾಯಿತು ಅಂತ ತಲೆಯಾಡಿಸಿದರು. ಮುಳ್ಳು ನಿಂತಿತು.

“ಒಂಬತ್ತು ಕೇಜಿ ಅಮ್ಮಾವ್ರೆ. ಗಟ್ಟಿ ಮಾಲು.”

ಅತ್ತೆ ನನ್ನ ಕಡೆ ತಿರುಗಿದರು. “ಕೇಳಿಸ್ಕೊಂಡ್ಯಾ? ಒಂಬತ್ತು. ಬರುವಾಗ ಕಾಲು ಕೇಜಿ ಕಮ್ಮಿಯಾಗಿದ್ರೂ, ಇವನು ಕಾಲೇಜು ಸೇರೋವರೆಗೆ ನೀನು ಕೆಂಗೇರಿ ದಾಟೋ ಹಾಗಿಲ್ಲ.”

“ಜಾಸ್ತಿಯಾಗಿದ್ರೆ ಅತ್ತೆ?”

“ಜಾಸ್ತಿಯಾಗಿದ್ರೆ ಎಲ್ಲಿಗ್ ಬೇಕಾದ್ರೂ ಹೋಗು. ಇನ್ನು ಮೇಲೆ ನಾನು ಒಂದು ಮಾತು ಆಡಲ್ಲ.”

ಸೌದೆ ಸೀಳುವ ಆಳು, ಡಿಪೋದವನು, ಮಗು, ಇಷ್ಟು ಜನರ ಸಾಕ್ಷಿಯಾಗಿ ಒಪ್ಪಂದವಾಯಿತು. ಐವತ್ತು ಕೇಜಿ ದಾಟದ ನನ್ನ ಗಂಡ, “ನನ್ನನ್ನೂ ತೂಗಿಬಿಡಮ್ಮ, ನಾನೂ ಹೋಗ್ತಾ ಇದೀನಲ್ಲ,” ಅಂದರು.

“ನೀನು ಇಳಿದ್ರೆ ಯಾರು ಕೇಳ್ತಾರೋ,” ಅಂದರು ಹೆತ್ತ ತಾಯಿ.

೨. ಮೂರನೆಯವರು

ತೂಕಕ್ಕಿಂತ ಮುಂಚೆ ಗಂಡನಿಗೆ ಹೊಸ ಪಾಸ್‌ಪೋರ್ಟು ಆಗಬೇಕಿತ್ತು, ಮಗುವಿನ ಹೆಸರು ನನ್ನದರಲ್ಲಿ ಸೇರಬೇಕಿತ್ತು. ವಿಚಾರಣೆಗೆ ಒಬ್ಬ ಕಾನ್‌ಸ್ಟೇಬಲ್ ಬಂದರು. ಬಹಳ ಕ್ರಮದ ಮನುಷ್ಯ. ಕಾಫಿ ಕುಡಿದು ಮುಗಿಯುವವರೆಗೆ ಸರ್ಕಾರಿ ಕೆಲಸ ಶುರು ಮಾಡಲಿಲ್ಲ. ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ.

ನಮ್ಮಿಬ್ಬರನ್ನೂ ಕೇಳಿ ಮುಗಿಸಿ, ಕಾಗದದ ಮೇಲೆ ಬೆರಳಿಟ್ಟು, “ಇವರೆಲ್ಲಿ?” ಅಂದರು.

“ಯಾರು?”

“ಮೂರನೆಯವರು.”

ನೆಲದ ಮೇಲೆ ಕೂತು ಚಪ್ಪಲಿಯ ಬಾರು ಕಚ್ಚುತ್ತಿದ್ದವನನ್ನು ತೋರಿಸಿದೆ. ಕಾನ್‌ಸ್ಟೇಬಲ್ ಒಂದು ಗಳಿಗೆ ಯೋಚಿಸಿದರು. “ಅಕ್ಕಪಕ್ಕದವರನ್ನ ಕೇಳದೆ ಹೋಗೋ ಹಾಗಿಲ್ಲ ಮೇಡಂ. ಕಾಗದದಲ್ಲಿ ಮೂರು ಹೆಸರಿದೆ.”

ಎದುರು ಮನೆಯಾಕೆಯನ್ನು ಕರೆಸಿದ್ದಾಯಿತು. ಅವರು ಕರೆಯುವುದನ್ನೇ ಕಾಯುತ್ತಿದ್ದವರ ಹಾಗೆ ಸೆರಗು ಸರಿಮಾಡಿಕೊಂಡು ಬಂದರು.

“ಇವರು ನಿಮಗೆ ಎಷ್ಟು ದಿನದಿಂದ ಪರಿಚಯ?” ಕಾನ್‌ಸ್ಟೇಬಲ್ ಪೆನ್ನನ್ನು ಮಗುವಿನ ಕಡೆ ತೋರಿಸಿದರು.

“ಏಳು ತಿಂಗಳಾಯ್ತು ಸಾರ್.”

“ನಡತೆ ಹೇಗೆ?”

ಆಕೆ ಸುಳ್ಳು ಹೇಳುವವರಲ್ಲ. “ಬೆಳಗ್ಗೆ ಐದಕ್ಕೇ ಶುರು ಮಾಡ್ತಾನೆ ಸಾರ್. ಬೀದಿಗೆ ಬೀದಿನೇ ಎದ್ದು ಕೂತ್ಕೋಬೇಕು.”

“ಏನಮ್ಮ, ಹಾಲು ಕುಡಿಯೋ ಕೂಸಿನ ಮೇಲೆ ಪೊಲೀಸ್ನೋರ ಹತ್ರ ದೂರು ಹೇಳ್ತೀಯಾ?” ಅಂದರು ಅತ್ತೆ ಒಳಗಿನಿಂದ.

“ಕೇಳಿದ್ರು, ಹೇಳಿದೆ.”

ಕಾನ್‌ಸ್ಟೇಬಲ್ ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡೇ ಇದ್ದರು. “ಇದನ್ನ ಬರ್ಕೊಳ್ಳಲಾ ಬೇಡ್ವಾ, ಒಂದು ಮಾತು ಹೇಳಿಬಿಡಿ. ಬರೆದ್ರೆ ಹೋಗೋದು ಕಷ್ಟ ಆಗುತ್ತೆ.”

ಎದುರು ಮನೆಯಾಕೆ ಆಗ ನಿಜವಾಗಿ ಯೋಚಿಸಿದರು. “ಬೇಡ ಬಿಡಿ ಸಾರ್. ಒಳ್ಳೆ ಹುಡುಗ ಅಂತ ಬರ್ಕೊಳ್ಳಿ. ಒಂದೂವರೆ ತಿಂಗಳು ಎಲ್ಲಾದ್ರೂ ಹೋಗಿ ಬರ್ಲಿ, ನಾವೂ ಸ್ವಲ್ಪ ಮಲಗ್ತೀವಿ.”

ಈ ಗಲಾಟೆಯಲ್ಲಿ ಯಾರೂ ಗಮನಿಸದ ಒಂದು ಸಂಗತಿ ನಡೆದಿತ್ತು. ಊಟವೆಂದರೆ ಬಾಯಿ ಬಿಗಿ ಹಿಡಿಯುವ ನಮ್ಮ ಮಗ, ಕಾನ್‌ಸ್ಟೇಬಲರ ಟೋಪಿಯನ್ನು ಬಾಯಿಬಿಟ್ಟುಕೊಂಡು ನೋಡುತ್ತ ಒಂದು ಬಟ್ಟಲು ರಾಗಿ ಸರಿ ಪೂರ್ತಿ ತಿಂದಿದ್ದ. ಕಾಕತಾಳೀಯ ಅಂದುಕೊಂಡೆ. ಬಟ್ಟಲು ತೊಳೆದಿಟ್ಟೆ.

೩. ಹಡಗಿನ ಹಗ್ಗ

ಅತ್ತೆ ತಮ್ಮ ಎರಡು ಹಳೇ ಹತ್ತಿ ಸೀರೆ ಹರಿದು ನಲವತ್ತು ಲಂಗೋಟಿ ಹೊಲಿದು ಕೊಟ್ಟಿದ್ದರು. ಹಡಗು ಮದ್ರಾಸು ಬಿಟ್ಟು ಎರಡನೆಯ ದಿನಕ್ಕೆ ಇಪ್ಪತ್ತಾರು ಒದ್ದೆಯಾಗಿದ್ದವು. ನಾನು ಬಟ್ಟೆ ಒಗೆಯುವ ಜಾಗ ಹುಡುಕಿಕೊಂಡು, ಒಗೆದು, ಡೆಕ್ಕಿನ ಮೇಲೆ ಈ ಕಂಬಿಯಿಂದ ಆ ಕಂಬಿಗೆ ಹಗ್ಗ ಕಟ್ಟಿ ಒಣಹಾಕಿದೆ. ಸಮುದ್ರದ ಗಾಳಿಗೆ ಇಪ್ಪತ್ತಾರೂ ಒಟ್ಟಿಗೆ ಪಟಪಟ ಅಂದವು. ನೋಡಲು ಚೆನ್ನಾಗಿತ್ತು.

ಬಿಳಿ ಬಟ್ಟೆಯ ಅಧಿಕಾರಿಯೊಬ್ಬರು ಬಂದರು. ಬಹಳ ಮರ್ಯಾದೆಯಿಂದ, ಹಡಗಿನ ಮೇಲೆ ಏನು ಹಾರಬೇಕು ಅನ್ನುವುದಕ್ಕೆ ನಿಯಮವಿದೆ, ದೂರದ ಹಡಗಿನವರು ದುರ್ಬೀನಿನಲ್ಲಿ ನೋಡಿದರೆ ಉತ್ತರ ಕೊಡುವುದು ತನಗೆ ಕಷ್ಟವಾಗುತ್ತದೆ ಅಂದರು.

“ಹಾಗಾದ್ರೆ ಎಲ್ಲಿ ಒಣಗಿಸ್ಲಿ?” ಅಂದೆ.

ಅವರು ಯೋಚಿಸಿ, ಹಡಗಿನ ಅಡಿಗೆಮನೆಯ ಹೊಗೆಕೊಳವೆ ಪಕ್ಕದಲ್ಲಿ ಒಂದು ಬೆಚ್ಚನೆ ಮೂಲೆ ತೋರಿಸಿಕೊಟ್ಟರು. ಅರ್ಧ ಗಂಟೆಗೆಲ್ಲ ಗರಿಗರಿ ಒಣಗುತ್ತಿದ್ದವು. ತೊಂದರೆಯೆಂದರೆ ಆ ಅಡಿಗೆಮನೆಯಲ್ಲಿ ದಿನಾ ಎರಡು ಹೊತ್ತು ಮೀನು ಬೇಯುತ್ತಿತ್ತು. ಮೂರನೆಯ ದಿನದಿಂದ, ಏಳು ತಲೆಮಾರಿನಿಂದ ಮೊಟ್ಟೆ ಮುಟ್ಟದ ಮನೆತನದ ಕುಡಿಯನ್ನು ಎತ್ತಿಕೊಂಡರೆ ಮೀನು ಸಾರಿನ ಬಟ್ಟಲನ್ನೇ ಎತ್ತಿಕೊಂಡ ಹಾಗಾಯಿತು. ಹಣೆಯ ಮೇಲೆ ಅತ್ತೆ ಕೊಟ್ಟ ವಿಭೂತಿ ಬೇರೆ.

ಡೆಕ್ಕಿನಲ್ಲಿ ಪಕ್ಕಕ್ಕೆ ಕೂರುತ್ತಿದ್ದ ತಂಜಾವೂರಿನ ಅಯ್ಯರ್ ದಂಪತಿ ನಾಲ್ಕನೆಯ ದಿನ ಆಚೆ ಬದಿಗೆ ಜಾಗ ಬದಲಾಯಿಸಿದರು. ಹಡಗಿನ ಬೆಕ್ಕು ನಮ್ಮ ಪಕ್ಕಕ್ಕೆ ಬಂತು.

ಅದಕ್ಕಿಂತ ದೊಡ್ಡ ಚಿಂತೆ ನನಗೆ ಬೇರೆಯಿತ್ತು. ಹಡಗು ಹತ್ತಿದಾಗಿನಿಂದ ಮಗು ಸರಿಯಾಗಿ ತಿಂದಿರಲಿಲ್ಲ. ಚಮಚ ಕಂಡರೆ ಮುಖ ಸಮುದ್ರದ ಕಡೆ ತಿರುಗಿಸುತ್ತಿತ್ತು. ನಾನು ಪ್ರತಿ ಸಲ ಎತ್ತಿಕೊಂಡಾಗಲೂ ಡಿಪೋದ ಮುಳ್ಳು ಕಣ್ಣ ಮುಂದೆ ಅಲ್ಲಾಡುತ್ತಿತ್ತು. ಅತ್ತೆಗೆ ಬರೆದ ಮೊದಲ ಕಾಗದದಲ್ಲಿ, ‘ಮಗು ಸಮುದ್ರದ ವಾಸನೆಗೆ ಚೆನ್ನಾಗಿ ಹೊಂದಿಕೊಂಡಿದೆ’ ಅಂತ ಮಾತ್ರ ಬರೆದೆ. ಅದು ನಿಜವೇ.

೪. ಕಂದು ಪುಡಿ

ಪಿನಾಂಗಿನ ಬಂದರಿನಲ್ಲಿ ಕಸ್ಟಮ್ಸ್ ಅಧಿಕಾರಿ ನಮ್ಮ ಟ್ರಂಕು ತೆರೆಸಿದರು. ದಪ್ಪ ಮೀಸೆ, ಹೊಳೆಯುವ ಗುಂಡಿ, ಎತ್ತರದ ಟೋಪಿ. ಟ್ರಂಕಿನಲ್ಲಿ ಅತ್ತೆಯ ಪ್ರೀತಿಯೆಲ್ಲ ಪೊಟ್ಟಣ ಪೊಟ್ಟಣವಾಗಿ ಕೂತಿತ್ತು. ಮೂರು ಡಬ್ಬಿ ರಾಗಿ ಹಿಟ್ಟು. ಬಜೆ ಬೇರು, ಜಾಯಿಕಾಯಿ, ತೇಯುವ ಕಲ್ಲು. ಸ್ನಾನದ ನಂತರ ಹೊಗೆ ಹಾಕಲು ಸಾಂಬ್ರಾಣಿ. ವಿಭೂತಿಯ ಎರಡು ಉಂಡೆ. ಒಂದು ಸೀಸೆ ಹರಳೆಣ್ಣೆ.

ಅಧಿಕಾರಿ ಒಂದೊಂದನ್ನೇ ಮೇಜಿನ ಮೇಲೆ ಸಾಲಾಗಿ ಇಟ್ಟರು. ಸಾಲು ಉದ್ದವಾದ ಹಾಗೆ ಅವರ ಮುಖ ಗಟ್ಟಿಯಾಯಿತು.

“ಈ ಕಂದು ಪುಡಿ ಏನು?” ಇಂಗ್ಲಿಷಿನಲ್ಲಿ ಕೇಳಿದರು.

“ಮಗುವಿನ ಊಟ.”

“ಈ ಬಿಳಿ ಉಂಡೆ?”

“ಹಣೆಗೆ ಹಚ್ಚುವುದು.”

“ಈ ಬೇರು?”

“ಮಾತು ಬೇಗ ಬರಲಿ ಅಂತ ನಾಲಿಗೆಗೆ ತೇಯುವುದು.”

ಅವರು ಮಗುವನ್ನು ನೋಡಿದರು. ಮೂಸಿ ನೋಡಿದರು. ಮೀನಿನ ವಾಸನೆಯಿಂದ ಅವರ ಅನುಮಾನ ಇನ್ನೂ ಗಟ್ಟಿಯಾಯಿತೆಂದು ಕಾಣುತ್ತದೆ. ಊಟವಾದರೆ ಇಲ್ಲೇ ಮಾಡಿ ತೋರಿಸಿ ಅಂದರು.

ಫ್ಲಾಸ್ಕಿನಲ್ಲಿ ಬಿಸಿನೀರು ಇಡುವುದನ್ನು ಮಾತ್ರ ನಾನು ಎಂದೂ ಮರೆತವಳಲ್ಲ. ಅತ್ತೆಯ ರಾಗಿ ಮೊಳಕೆ ಕಟ್ಟಿ, ಹುರಿದು, ಜರಡಿ ಹಿಡಿದದ್ದು, ಬಿಸಿನೀರಿನಲ್ಲೇ ಕಲಸಬಹುದು. ಸರ್ಕಾರಿ ಮೇಜಿನ ಮೇಲೆ, ಮೂವರು ಅಧಿಕಾರಿಗಳ ಮುಂದೆ, ಬೆಲ್ಲ ಹಾಕಿ ಕಲಸಿದೆ. ಮಗು ಮೀಸೆಯಿಂದ ಟೋಪಿಗೆ, ಟೋಪಿಯಿಂದ ಗುಂಡಿಗೆ ಕಣ್ಣು ಓಡಿಸುತ್ತ ಬಾಯಿ ತೆರೆಯಿತು. ಚಮಚ ಹೋಯಿತು. ಮತ್ತೆ ತೆರೆಯಿತು. ಏಳು ದಿನದ ಹಸಿವನ್ನೆಲ್ಲ ಒಂದೇ ಸಲಕ್ಕೆ ತೀರಿಸಿಕೊಂಡಿತು.

ಅಧಿಕಾರಿ ನಕ್ಕು, ಟ್ರಂಕಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, “ಆಯಿತು, ಹೋಗಬಹುದು,” ಅಂದರು.

ನಾನು ಮಾತ್ರ ಹೋಗಲಿಲ್ಲ. “ಸಂಜೆ ನಿಮ್ಮ ಡ್ಯೂಟಿ ಎಷ್ಟು ಗಂಟೆಯವರೆಗೆ?” ಅಂತ ಕೇಳಿದೆ.

೫. ಹದಿನೇಳು ಪೌಂಡು

ಬಂದ ಮೂರನೆಯ ದಿನ ಗೆಳತಿಯ ಜೊತೆ ಪೇಟೆಗೆ ಹೋಗಿದ್ದೆ. ಒಂದು ಔಷಧದಂಗಡಿಯಲ್ಲಿ ಮಕ್ಕಳನ್ನು ತೂಗುವ ಚೆಂದದ ಬುಟ್ಟಿ ತಕ್ಕಡಿಯಿತ್ತು. ಕೂರಿಸಿ ನೋಡಿದೆ. ಹದಿನೇಳು ಪೌಂಡು ತೋರಿಸಿತು. ಪೌಂಡು ನನಗೆ ಅರ್ಥವಾಗದೆ ಮನೆಗೆ ಬಂದು ಗಂಡನನ್ನು ಕೇಳಿದೆ. ಅವರು ಪತ್ರಿಕೆಯ ಅಂಚಿನಲ್ಲಿ ಭಾಗಿಸಿ, “ಏಳೂಮುಕ್ಕಾಲು ಕೇಜಿ,” ಅಂದರು. ಹೇಳಿದ ಮೇಲೆ ಅವರಿಗೂ ಹೊಳೆಯಿತು. ಪತ್ರಿಕೆ ಮಡಚಿಟ್ಟರು.

ಹತ್ತು ದಿನಕ್ಕೆ ಒಂದೂಕಾಲು ಕೇಜಿ ಮಾಯ.

“ಹಡಗು ಅಲ್ಲಾಡ್ತಿತ್ತಲ್ಲ,” ಅಂದರು ಗಂಡ.

“ಅಲ್ಲಾಡಿದ್ರೆ ತೂಕ ಉದುರುತ್ತೇನ್ರೀ?”

“ಬಿಡೇ, ನಿನ್ನ ಮುಂದಿನ ಪ್ರಯಾಣ ಕೆಂಗೇರಿವರೆಗೆ. ಅದೂ ಒಳ್ಳೆ ಊರೇ.”

ಕಣ್ಣ ಮುಂದೆ ಇನ್ನು ಹದಿನೇಳು ವರ್ಷದ ಬೇಸಿಗೆ ರಜಗಳು ಸಾಲಾಗಿ ನಿಂತವು. ಪ್ರತಿ ರಜದಲ್ಲೂ ನಾನು ರಾಜಾಜಿನಗರದಲ್ಲಿ ಹಪ್ಪಳ ಒಣಗಿಸುತ್ತಿದ್ದೆ. ಆ ಗಳಿಗೆಯೇ ನಿಶ್ಚಯಿಸಿದೆ. ಮಗುವನ್ನು ಮತ್ತೆ ಒಂಬತ್ತಕ್ಕೆ ಏರಿಸದೆ ಈ ದ್ವೀಪ ಬಿಡುವುದಿಲ್ಲ.

ಟೋಪಿಯ ಗುಟ್ಟು ಅಷ್ಟು ಹೊತ್ತಿಗೆ ಖಚಿತವಾಗಿತ್ತು. ಯೂನಿಫಾರಂ ಕಂಡರೆ ತುತ್ತು, ಇಲ್ಲವಾದರೆ ಇಲ್ಲ. ಬೆಳಗಿನ ಊಟಕ್ಕೆ ಅಂಚೆಯವನು ಬರುವ ಹೊತ್ತಿಗೆ ಗೇಟಿನಲ್ಲಿ ನಿಲ್ಲುತ್ತಿದ್ದೆ. ಸಂಜೆಗೆ ಬೆಂಕಿ ಆರಿಸುವವರ ಠಾಣೆಯ ಮುಂದಿನ ಕಟ್ಟೆ. ಮಧ್ಯಾಹ್ನದ ಮುಖ್ಯ ಊಟಕ್ಕೆ ಮಾತ್ರ ಸರ್ಕಲ್ಲಿನ ಟ್ರಾಫಿಕ್ ಪೊಲೀಸಿನವರೇ ಆಗಬೇಕು. ಅವರು ಎತ್ತರದ ಪೀಠದ ಮೇಲೆ ಬಿಳಿ ಕೈಗವಸು ಹಾಕಿಕೊಂಡು ಕೈ ಚಾಚಿದರೆ ಇವನ ಬಾಯಿ ತೆರೆಯುವುದು, ಕೈ ಇಳಿಸಿದರೆ ಬಾಯಿ ಮುಚ್ಚುವುದು. ಅಷ್ಟರೊಳಗೆ ಚಮಚ ಒಳಗೆ ಹೋಗಿ ಬರಬೇಕು. ಒಂದು ಕಡೆಯ ಗಾಡಿಗಳನ್ನು ಅವರು ಹೆಚ್ಚು ಹೊತ್ತು ನಿಲ್ಲಿಸಿದ ದಿನ ನಮಗೆ ಒಳ್ಳೆ ಊಟ.

ಅವರು ತಮಿಳಿನವರು. ಒಂದು ವಾರ ಸುಮ್ಮನಿದ್ದು, ಆಮೇಲೆ ಪೀಠದಿಂದ ಇಳಿದು ಬಂದು ಕೇಳಿದರು. ನನ್ನ ಅರೆಬರೆ ತಮಿಳಿನಲ್ಲಿ ಅತ್ತೆ, ತಕ್ಕಡಿ, ಕೆಂಗೇರಿ ಎಲ್ಲ ವಿವರಿಸಿದೆ. ಕೆಂಗೇರಿ ಅವರಿಗೆ ಅರ್ಥವಾಗಲಿಲ್ಲ. ಅತ್ತೆ ಅರ್ಥವಾಯಿತು. ಅಂದಿನಿಂದ ಮಗು ಅಗಿದು ನುಂಗುವವರೆಗೂ ಕೈ ಇಳಿಸುತ್ತಿರಲಿಲ್ಲ. ಅವರ ರಜದ ದಿನ ಒಂದು ಸಲ ಲುಂಗಿ ಉಟ್ಟುಕೊಂಡು ಆ ಕಡೆ ಬಂದರು. ಮಗು ಗುರುತೇ ಹಿಡಿಯಲಿಲ್ಲ, ಬಾಯಿಯೂ ಬಿಡಲಿಲ್ಲ. ಪಾಪ, ಮನೆಗೆ ಹೋಗಿ ಟೋಪಿ ಹಾಕಿಕೊಂಡು ಬಂದರು. ಲುಂಗಿಯ ಮೇಲೆ ಟೋಪಿ.

ಹೀಗೆ ಮೂರು ವಾರ. ನನ್ನ ಗಂಡ ಹಾವಿನ ದೇವಸ್ಥಾನ ನೋಡಿದರು, ಕಡಲತೀರ ನೋಡಿದರು, ಒಂದು ದಿನ ದೋಣಿಯಲ್ಲಿ ಆಚೆ ದಡಕ್ಕೂ ಹೋಗಿ ಬಂದರು. ಹೊರಡುವ ಮುನ್ನ ಗೆಳತಿ ಕೇಳಿದಳು, “ಬೆಟ್ಟದ ರೈಲಾದ್ರೂ ನೋಡಿದ್ಯೇನೇ?”

“ರೈಲು ನೋಡಲಿಲ್ಲ ಕಣೇ,” ಅಂದೆ. “ಗಾರ್ಡ್ ಸಾಹೇಬ್ರನ್ನ ನೋಡಿದೆ. ಅರ್ಧ ಬಟ್ಟಲು ಹೋಯ್ತು.”

೬. ಮುಳ್ಳು ನಿಂತಾಗ

ಔಷಧದಂಗಡಿಗೆ ಮತ್ತೆ ಹೋಗುವ ಧೈರ್ಯ ನನಗಿರಲಿಲ್ಲ. ಆದರೆ ಮಗು ಭಾರವಾಗಿತ್ತು. ಎತ್ತಿಕೊಂಡರೆ ಸೊಂಟ ಹೇಳುತ್ತಿತ್ತು. ತಂದಿದ್ದ ಅಂಗಿಗಳ ಗುಂಡಿ ಹಾಕಲು ಬರುತ್ತಿರಲಿಲ್ಲ. ವಾಪಸು ಬರುವಾಗ ಹಡಗಿನಲ್ಲಿ ಅದೇ ಬಿಳಿ ಬಟ್ಟೆಯ ಅಧಿಕಾರಿಯನ್ನು ಮೂರು ಹೊತ್ತೂ ಊಟಕ್ಕೆ ಎದುರಿಗೆ ನಿಲ್ಲಿಸಿಕೊಂಡಿದ್ದೆ. ಒಂಬತ್ತು ಆಗಿಯೇ ಇರುತ್ತದೆ ಅಂತ ನನ್ನ ಲೆಕ್ಕ.

ಅತ್ತೆ ಗೇಟಿನಲ್ಲೇ ಆರತಿ ಎತ್ತಿ, ದೃಷ್ಟಿ ತೆಗೆದು, ಮಗುವನ್ನು ಅವುಚಿಕೊಂಡರು. ಹೊಸಲು ಮಾತ್ರ ದಾಟಿಸಲಿಲ್ಲ. “ಮೊದ್ಲು ಅಲ್ಲಿಗೆ,” ಅಂದರು. ಎದುರು ಮನೆಯಾಕೆ ಕಾಂಪೌಂಡಿನ ಮೇಲೆ ಮೊಳಕೈ ಊರಿ ನಿಂತು, “ಬಂದ್ಮೇಲೆ ಎಷ್ಟಾಯ್ತು ಅಂತ ಹೇಳಿ ಅಮ್ಮಾವ್ರೆ,” ಅಂದರು. ಅಷ್ಟು ಹೊತ್ತಿಗೆ ಒಪ್ಪಂದ ಬೀದಿಗೆಲ್ಲ ಗೊತ್ತಾಗಿತ್ತು. ಗಂಡ ಸಾಮಾನು ಇಳಿಸುವ ನೆಪದಲ್ಲಿ ಹಿಂದೆ ಉಳಿದರು.

ಡಿಪೋದವನು ಮಗುವನ್ನು ಕಂಡು ಯಾಕೋ ಸಪ್ಪಗಾದ. “ಇವತ್ತು ಬೇಡ ಅಮ್ಮಾವ್ರೆ, ಅಮಾವಾಸ್ಯೆ ಹತ್ತಿರ,” ಅಂದ. ಅತ್ತೆ ಕೇಳಲಿಲ್ಲ. ಗೋಣಿಚೀಲ, ಸೀರೆ, ಮಗು. ಇನ್ನೊಂದು ಕಡೆ ಒಂಬತ್ತು ಕೇಜಿ ತೂಕದ ಬಟ್ಟು.

ಮಗು ಮೇಲಕ್ಕೆ ಹೋಯಿತು.

ಅರ್ಧ ಕೇಜಿ ತೆಗೆದ. ಇನ್ನೂ ಮೇಲೆಯೇ. ಮತ್ತೆ ಕಾಲು ಕೇಜಿ ತೆಗೆದ. ಮುಳ್ಳು ನೆಟ್ಟಗೆ ನಿಂತಿತು.

“ಎಂಟೂಕಾಲು,” ಅಂದ ಡಿಪೋದವನು, ಯಾರ ಮುಖವನ್ನೂ ನೋಡದೆ.

“ಅತ್ತೆ, ಬಟ್ಟೆ ನೋಡಿ ಎಷ್ಟು ಬಿಗಿಯಾಗಿದೆ,” ಅಂದೆ.

“ಉಪ್ಪು ನೀರಲ್ಲಿ ಒಗೆದಿದೀಯ. ಕುಗ್ಗಿದೆ.” ಅತ್ತೆ ಮಗುವನ್ನು ಹಲಗೆಯಿಂದ ಎತ್ತಿಕೊಂಡರು. “ಮುಕ್ಕಾಲು ಕೇಜಿ ಕಣೇ. ಮುಕ್ಕಾಲು ಕೇಜಿ ಮಗೂನ ಎಲ್ಲಿ ಬಿಟ್ಟು ಬಂದೆ?”

ಅಲ್ಲಿಗೆ ನನ್ನ ಭೂಗೋಳ ಮುಗಿಯಿತು. ಡಿಪೋದವನಿಗೆ ನನ್ನ ಮುಖ ನೋಡಿ ಕನಿಕರವೋ, ಸ್ವಂತ ಭಯವೋ, ಬಾಯಿ ಹಾಕಿದ. “ಅಮ್ಮಾವ್ರೆ, ಅಷ್ಟು ದಿನ ಬಿಸಿಲು, ಸಮುದ್ರದ ಗಾಳಿ. ಒಣಗಿರುತ್ತೆ. ಒಣಗಿದ್ ಮೇಲೆ ತೂಕ ನಿಲ್ಲುತ್ತಾ?”

ಅತ್ತೆ ವರ್ಷಗಟ್ಟಲೆ ಊರಿಗೆಲ್ಲ ಹೇಳಿಕೊಂಡು ಬಂದ ಮಾತು ಅದು. ಈಗ ಮೊದಲ ಸಲ ಅದನ್ನು ಕೇಳಿಸಿಕೊಂಡವರ ಹಾಗೆ ಅವನನ್ನು ನೋಡಿದರು. ತಮ್ಮ ಕೈಲಿದ್ದ ದುಂಡು ಮಗುವನ್ನು ನೋಡಿದರು. ಯಾವ ಕೋನದಿಂದ ನೋಡಿದರೂ ಅದು ಒಣಗಿದ ಹಾಗಿರಲಿಲ್ಲ.

ಆಗ ನನ್ನ ಕಣ್ಣು ತಕ್ಕಡಿಯ ಮೇಲೆ ಬಿತ್ತು. ಸರಪಳಿ ಹೊಸದು. ದಂಡಕ್ಕೆ ಹೊಸ ಸರ್ಕಾರಿ ಮುದ್ರೆ. “ಇದು ಯಾವಾಗ ಹಾಕಿಸಿದ್ದು?” ಅಂತ ಕೇಳಿದೆ.

ಡಿಪೋದವನು ಕೆಮ್ಮಿದ. ಸೌದೆ ಸೀಳುತ್ತಿದ್ದ ಆಳು ಕೊಡಲಿ ಇಳಿಸಿ, ಬೆವರು ಒರೆಸಿಕೊಂಡು, ಯಾವ ಕಪಟವೂ ಇಲ್ಲದೆ ಹೇಳಿದ. “ನೀವು ಹೋಗಿದ್ದಾಗ ತೂಕದ ಇನ್‌ಸ್ಪೆಕ್ಟ್ರು ಬಂದಿದ್ರು ಮೇಡಂ. ಹಲಗೆ ಕೆಳಗೆ ಕಟ್ಟಿದ್ ಕಲ್ಲು ಬಿಚ್ಚಿಸಿಬಿಟ್ರು.”

“ಯಾವ ಕಲ್ಲು?” ಅಂದರು ಅತ್ತೆ.

“ಅದೇ ಅಮ್ಮಾವ್ರೆ, ಒಂದೂಕಾಲು ಕೇಜಿದು. ಗೋಣಿ ಸುತ್ತಿ ಕಟ್ಟಿರ್ಲಿಲ್ವಾ.”

“ಎಷ್ಟು ದಿನದಿಂದ ಇತ್ತು?”

“ನಾನು ಸೇರೋಕೆ ಮುಂಚೆಯಿಂದಾನೂ.”

“ನೀನು ಸೇರಿ ಎಷ್ಟಾಯ್ತು?”

“ಹನ್ನೊಂದು ವರ್ಷ.”

ಒಂಬತ್ತರಲ್ಲಿ ಒಂದೂಕಾಲು ಹೋದರೆ ಏಳೂಮುಕ್ಕಾಲು. ಪಿನಾಂಗಿನ ಬುಟ್ಟಿ ಹೇಳಿದ್ದೂ ಅದನ್ನೇ. ಮಗು ಹಡಗಿನಲ್ಲಿ ಒಂದು ಗ್ರಾಮೂ ಇಳಿದಿರಲಿಲ್ಲ. ನಾನು ಮೂರು ವಾರ ಸರ್ಕಲ್ಲಿನಲ್ಲಿ ನಿಂತು ಏರಿಸಲು ಹೋದದ್ದು ಮಗುವಿನ ತೂಕವಲ್ಲ, ಸೌದೆ ಡಿಪೋದ ಕಲ್ಲಿನ ತೂಕ.

ಅತ್ತೆ ಮಗುವನ್ನು ಅವುಚಿಕೊಂಡೇ ನಡೆದರು. ಡಿಪೋದವನಿಗೆ ಒಂದು ಮಾತೂ ಬಯ್ಯಲಿಲ್ಲ. ಅವನಿಗೆ ಅದೇ ಹೆಚ್ಚು ಭಯವಾಗಿರಬೇಕು. ನಾನು ಹಿಂದೆ ಹಿಂದೆ ಹೋದೆ. ನಮ್ಮ ಬೀದಿಯ ಹೊಂಗೆಮರದ ಕೆಳಗೆ ಅವರು ನಿಂತರು.

“ಮಗು ಇಳಿದಿಲ್ಲ,” ಅಂದರು.

“ಇಲ್ಲ ಅತ್ತೆ.”

“ಅರ್ಧ ಕೇಜಿ ಏರಿದೆ.”

“ಹೌದು ಅತ್ತೆ.”

“ಅಂದ್ರೆ ಹನ್ನೊಂದು ವರ್ಷದಿಂದ ನಾನು ಪ್ರತಿ ತೂಕದಲ್ಲೂ ಕಲ್ಲು ಕೊಂಡಿದೀನಿ. ಸೊಂಟದ ಮೇಲೆ ಕೈಯಿಟ್ಕೊಂಡು.”

ಇದಕ್ಕೆ ಸೊಸೆಯಾದವಳು ಉತ್ತರ ಕೊಡಬಾರದು. ಕೊಡಲಿಲ್ಲ.

ದೂರದಲ್ಲಿ ಎದುರು ಮನೆಯಾಕೆಯ ಮೊಳಕೈ ಇನ್ನೂ ಕಾಂಪೌಂಡಿನ ಮೇಲೆಯೇ ಇತ್ತು. ಅತ್ತೆ ಆ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿದರು.

“ಮಾತು ಅಂದ್ರೆ ಮಾತು. ನೀನು ಎಲ್ಲಿಗ್ ಬೇಕಾದ್ರೂ ಹೋಗು. ನಾನು ಬೇಡ ಅನ್ನಲ್ಲ. ಆದ್ರೆ...”

ನಾನು ಕಾದೆ.

“ಮಗು ಇಳಿದಿದೆ ಅಂತಾನೇ ಹೇಳ್ಬೇಕು.”

ನಾನು ಜಾಸ್ತಿ ಹೊತ್ತು ಯೋಚಿಸಲಿಲ್ಲ. ಹದಿನೇಳು ಬೇಸಿಗೆ ರಜ ಒಂದು ಕಡೆ, ನನ್ನ ಮಾನ ಒಂದು ಕಡೆ. ಮುಳ್ಳು ಯಾವ ಕಡೆ ವಾಲಿತು ಅಂತ ಹೇಳಬೇಕಾಗಿಲ್ಲ.

ಗೇಟಿನ ಹತ್ತಿರ ಅತ್ತೆ ಮಗುವನ್ನು ನನ್ನ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ನಿಟ್ಟುಸಿರು ಬಿಟ್ಟರು. “ಏನ್ ಹೇಳ್ಲಮ್ಮ. ಮುಕ್ಕಾಲು ಕೇಜಿ ಇಳಿಸ್ಕೊಂಡು ಬಂದಿದಾಳೆ. ಪರದೇಶದ ಅನ್ನ ನೀರು. ತಕ್ಕಡಿ ಸುಳ್ಳು ಹೇಳುತ್ತಾ?”

ಎದುರು ಮನೆಯಾಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ತಲೆ ತಗ್ಗಿಸಿದೆ. ಮಗು ನನ್ನ ಸೊಂಟ ಮುರಿಯುವಷ್ಟು ಭಾರವಾಗಿ ತೋಳಿನಲ್ಲಿ ಕೂತಿತ್ತು.

ಮುಂದಿನ ವರ್ಷ ಸಿಂಗಪುರಕ್ಕೆ ಹೋದೆ, ಅದರ ಮುಂದಿನ ವರ್ಷ ಇನ್ನೂ ದೂರ. ಅತ್ತೆ ಕೊನೆಯವರೆಗೂ ಬೇಡ ಅನ್ನಲಿಲ್ಲ. ಸೌದೆ ಮಾತ್ರ ಆಮೇಲೆ ಕಾಮಾಕ್ಷಿಪಾಳ್ಯದಿಂದ ಬರತೊಡಗಿತು. ಯಾಕೆ ಅಂತ ಕೇಳಿದರೆ, “ಇಲ್ಲಿಗಿಂತ ಅಲ್ಲಿ ಚೆನ್ನಾಗಿ ಒಣಗಿರುತ್ತೆ,” ಅನ್ನುತ್ತಿದ್ದರು.

ಮಗ ಈಗ ತೊಂಬತ್ತು ಕೇಜಿ ದಾಟಿದ್ದಾನೆ. ಅವನನ್ನು ನೋಡಲು ಹೆಣ್ಣಿನ ಕಡೆಯವರು ಬಂದ ದಿನ, ಎದುರು ಮನೆಯಾಕೆಯೂ ಬಂದು ಕೂತಿದ್ದರು. ಬೀಗರಾಗುವವರ ಮುಂದೆ ಅವನ ಕುರ್ಚಿ ತುಂಬಿದ ಬೆನ್ನನ್ನು ಸವರುತ್ತ, ಮರುಕದಿಂದ ಹೇಳಿದರು:

“ಪಾಪ, ಕೂಸಿದ್ದಾಗಲೇ ಇಳಿದುಹೋಯ್ತು. ಆಮೇಲೆ ಮೈ ಹತ್ತಲೇ ಇಲ್ಲ.”